ವೈಟ್‌ಫೀಲ್ಡಿನ ಹಾದಿಯಲ್ಲಿ

ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ನಾವು ಬಾಡಿಗೆಯ ಕಾರಿನಲ್ಲಿ ಹೊರಟೆವು. ದಾರಿ ದೂರವಲ್ಲ, ಹೊತ್ತೆಲ್ಲ ನಿಲ್ಲುವುದರಲ್ಲೇ ಕಳೆಯಿತು. ಗಾಡಿ ನಿಂತಾಗಲೆಲ್ಲ ಚಾಲಕನು ಇಂಜಿನ್ನನ್ನು ಆರಿಸುತ್ತಿದ್ದನು. ಕಾರಣವನ್ನು ಕೇಳಿದೆವು.

“ಚಕ್ರ ನಿಂತರೂ ಎಣ್ಣೆ ಉರಿಯುತ್ತದೆ, ಸ್ವಾಮಿ. ಉಳಿದದ್ದು ಮಗಳ ಶಾಲೆಯ ಫೀಜಿಗೆ” ಎಂದನು. ಚಕ್ರಕ್ಕೆ ತಕ್ಕ ಗಾಳಿ, ಕಾಲಿಗೆ ತಾಳ್ಮೆ, ಇವೇ ಆತನ ಮಿತವ್ಯಯದ ಗುಟ್ಟು.

೨೦೨೪ರ ಜೂನ್ ತಿಂಗಳಲ್ಲಿ ರಾಜ್ಯದ ತೆರಿಗೆ ಏರಿ, ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ೩ ರೂಪಾಯಿ ಹೆಚ್ಚಿ ೧೦೨ನ್ನು ದಾಟಿತು. ಬಾಡಿಗೆ ಮಾತ್ರ ತನಗೆ ಏರಲಿಲ್ಲವೆಂದು ಆತನು ನಿಟ್ಟುಸಿರಿಟ್ಟನು.

ನೆತ್ತಿಯ ಮೇಲೆ ಮೆಟ್ರೋ ಸಾಗಿತು; ಅದು ವೈಟ್‌ಫೀಲ್ಡನ್ನು ಮುಟ್ಟಿದ್ದು ೨೦೨೩ರಲ್ಲಿ. ನಾವು ಅದನ್ನೇರಿದ್ದರೆ ಎಣ್ಣೆ ಉಳಿಯುತ್ತಿತ್ತು. ಆತನ ಬಾಡಿಗೆ ತಪ್ಪುತ್ತಿತ್ತು. ಯಾವುದು ಸರಿಯೆಂದು ತೋಚದೆ, ಹಿಂದಿರುಗುವಾಗಲೂ ಆತನ ಗಾಡಿಯನ್ನೇ ಹತ್ತಿದೆವು.