ರೋಷಾ ಹುಲ್ಲಿನ ಎಣ್ಣೆ

ನಾನು ನಮ್ಮ ಈ ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದಾಗ ದೀಪಾವಳಿಯ ರಜೆಗೆ ಅಜ್ಜನ ಮನೆಗೆ ಹೋಗಿದ್ದೆನು. ಉಡುಪಿಯ ಕಡೆಯಿಂದ ಬಂದಿದ್ದ ಅಜ್ಜ ನಾಸಿಕ ಜಿಲ್ಲೆಯ ದಿಂಡೋರಿಯಲ್ಲಿ ಚಿಕ್ಕದೊಂದು ಹೋಟೆಲು ನಡೆಸುತ್ತಿದ್ದರು. ಹಗಲೆಲ್ಲ ನಿಂತೇ ಇರುವ ಕಸುಬು. ಸಂಜೆಯಾಗುತ್ತಲೇ ಮೊಣಕಾಲು ನೋಯುತ್ತಿದ್ದಿತು. ಆಗ ಅವರು ಎಳ್ಳೆಣ್ಣೆಗೆ ಪುಟ್ಟ ಸೀಸೆಯೊಂದರಿಂದ ನಾಲ್ಕು ತೊಟ್ಟು ಬೆರೆಸಿ, ನನ್ನಿಂದ ಕಾಲು ತಿಕ್ಕಿಸಿಕೊಳ್ಳುವರು.

“ಇದು ಯಾವ ಎಣ್ಣೆ, ಅಜ್ಜಾ?”

“ರೋಷಾ ಎಣ್ಣೆ, ಮಗೂ.”

“ರೋಷವೆಂದರೆ ಕೋಪವಲ್ಲವೆ?”

ಅಜ್ಜ ನಕ್ಕರು. “ಕೋಪ ಬಂದಿರುವುದು ನನ್ನ ಮೊಣಕಾಲಿಗೆ. ಎಣ್ಣೆ ಅದನ್ನು ಸಮಾಧಾನಪಡಿಸುತ್ತದೆ.”

ಮರುದಿನ ಗುಡ್ಡದ ಇಳಿಜಾರಿಗೆ ಕರೆದೊಯ್ದು ಆ ಹುಲ್ಲನ್ನು ತೋರಿಸಿದರು. ಆಳೆತ್ತರ ಬೆಳೆದು, ತೆನೆ ಕೆಂಪಾಗತೊಡಗಿದ್ದಿತು. ಎಲೆಯನ್ನು ಹೊಸಕಿ ಮೂಸಿದೆನು. ಏನಾಶ್ಚರ್ಯ! ಗುಲಾಬಿಯ ಕಂಪು! ಸಂಸ್ಕೃತದಲ್ಲಿ ಇದಕ್ಕೆ ರೋಹಿಷವೆಂದು ಹೆಸರು. ನಮ್ಮ ಮಜ್ಜಿಗೆ ಹುಲ್ಲಿನ ಬಂಧುವಿದು. ಹೂ ಬಿಟ್ಟ ಹುಲ್ಲನ್ನು ಕೊಯ್ದು ಹಂಡೆಯಲ್ಲಿ ನೀರಿನೊಡನೆ ಕಾಯಿಸಿದರೆ, ಆವಿಯ ಜೊತೆಗೆ ಎಣ್ಣೆಯೂ ಮೇಲೇಳುವುದು. ಆವಿಯನ್ನು ಕೊಳವೆಯ ಮೂಲಕ ತಣ್ಣೀರಿನಲ್ಲಿರಿಸಿದ ಪಾತ್ರೆಗೆ ಹಾಯಿಸಿದರೆ ಅದು ನೀರಾಗಿ ಇಳಿಯುವುದು. ಎಣ್ಣೆ ಅದರ ಮೇಲೆ ತೇಲುವುದು. ಹಿಂದೆ ಖಾನದೇಶ, ನಿಮಾಡಗಳ ಕಾಡುಗಳಲ್ಲಿ ಹಳ್ಳದ ದಂಡೆಗಳಲ್ಲಿಯೇ ಇಂತಹ ಭಟ್ಟಿಗಳನ್ನು ಹೂಡುತ್ತಿದ್ದರು.

ಹೊರಡುವಾಗ ಅಜ್ಜ ನನಗೊಂದು ಪುಟ್ಟ ಸೀಸೆ ಕೊಟ್ಟರು. ಶಾಲೆಯಲ್ಲಿ ಗೆಳೆಯರು, “ಇದೇನು ಪರಿಮಳ?” ಎಂದು ಕೇಳಿದರು. ಹುಲ್ಲಿನ ಎಣ್ಣೆಯೆನ್ನಲು ನನಗೆ ನಾಚಿಕೆಯಾಯಿತು. “ಅರಬಸ್ತಾನದ ಗುಲಾಬಿ ಅತ್ತರು” ಎಂದುಬಿಟ್ಟೆನು. ಒಂದು ವಾರ ನನಗೆ ಎಲ್ಲಿಲ್ಲದ ಮರ್ಯಾದೆ!

ಕೆಲವು ದಿನಗಳ ಬಳಿಕ ಅಜ್ಜ ಮುಂಬಯಿಗೆ ಬಂದರು. ಮನೆಗೆ ಬಂದಿದ್ದ ಗೆಳೆಯನೊಬ್ಬನು ಅದೇ ಕಂಪನ್ನು ಗುರುತಿಸಿ, “ಅಜ್ಜಾ, ನಿಮ್ಮದೂ ಅರಬಸ್ತಾನದ ಅತ್ತರೆ?” ಎಂದನು. ಅಜ್ಜ ಒಮ್ಮೆ ನನ್ನ ಮುಖವನ್ನು ನೋಡಿದರು. “ಅಲ್ಲ ಮಗೂ, ನಮ್ಮ ದಿಂಡೋರಿ ಗುಡ್ಡದ ಹುಲ್ಲಿನದು” ಎಂದರು. ನನಗೊಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಆ ರಾತ್ರಿ ನನಗನ್ನಿಸಿತು.

ದೊಡ್ಡವನಾದ ಮೇಲೆ ಈ ಎಣ್ಣೆಯ ಚರಿತ್ರೆಯನ್ನು ಓದಿ ಬೆರಗಾದೆನು. ನಾನಾಡಿದ ಸುಳ್ಳನ್ನು ವ್ಯಾಪಾರಿಗಳು ನನಗಿಂತ ಎಷ್ಟೋ ಮೊದಲೇ ಆಡಿದ್ದರು! 19ನೆಯ ಶತಮಾನದಲ್ಲಿ ಮುಂಬಯಿಯಿಂದ ಹಡಗೇರಿದ ರೋಷಾ ಎಣ್ಣೆ ಕೆಂಪು ಸಮುದ್ರದ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೇರುತ್ತಿದ್ದಿತು. ಅಲ್ಲಿ ಅದನ್ನು ಬೆಲೆಬಾಳುವ ಗುಲಾಬಿ ಎಣ್ಣೆಗೆ ಕಲಬೆರಕೆ ಮಾಡುತ್ತಿದ್ದರು. ಯೂರೋಪಿನಲ್ಲಿ ಅದಕ್ಕೆ ‘ತುರ್ಕಿಯ ಜಿರೇನಿಯಂ ಎಣ್ಣೆ’ಯೆಂಬ ಹೆಸರೂ ಬಿದ್ದಿತು. ಹುಟ್ಟಿದ್ದು ತುರ್ಕಿಯಲ್ಲಲ್ಲ, ಜಿರೇನಿಯಂ ಗಿಡದಿಂದಲೂ ಅಲ್ಲ!

1871ರಲ್ಲಿ ಯಾಕೋಬ್‌ಸೆನ್ ಎಂಬ ರಸಾಯನಶಾಸ್ತ್ರಜ್ಞರು ಈ ಎಣ್ಣೆಯಿಂದಲೇ ಜಿರೇನಿಯಾಲ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಗುಲಾಬಿಯಲ್ಲಿಯೂ ಇರುವ ಆ ಪದಾರ್ಥವು ಒಳ್ಳೆಯ ರೋಷಾ ಎಣ್ಣೆಯಲ್ಲಿ ನೂರಕ್ಕೆ ಸುಮಾರು 75ರಿಂದ 85 ಪಾಲಿರುತ್ತದೆ. ಇಂದು ಸಾಬೂನು, ಸುಗಂಧದ್ರವ್ಯಗಳ ತಯಾರಿಕೆಗೆ ಈ ಎಣ್ಣೆ ಬೇಕು. ಸೊಳ್ಳೆಗಳನ್ನು ಓಡಿಸಲಿಕ್ಕೂ ಇದನ್ನು ಬಳಸುವರು. ಹಾಗಾದರೆ ಹುಲ್ಲು ಯಾರನ್ನೂ ವಂಚಿಸಿರಲಿಲ್ಲ. ಅದರ ಕಂಪು ಅದರದೇ. ಸುಳ್ಳಾಗಿದ್ದುದು ಸೀಸೆಯ ಮೇಲಿನ ಹೆಸರು ಮಾತ್ರ.

ಅಜ್ಜ ಈಗಿಲ್ಲ. ಅವರು ಕೊಟ್ಟ ಸೀಸೆ ಬರಿದಾಗಿ ನನ್ನ ಮೇಜಿನ ಮೇಲಿದೆ. ಮುಚ್ಚಳ ತೆರೆದರೆ ಇಂದಿಗೂ ನಸುಗಂಪು ಬರುವುದು. ಯಾರಾದರೂ ಏನೆಂದು ಕೇಳಿದರೆ, “ದಿಂಡೋರಿ ಗುಡ್ಡದ ಹುಲ್ಲಿನ ಎಣ್ಣೆ” ಎನ್ನುತ್ತೇನೆ. ಎಳೆಯ ಮಿತ್ರರೇ, ನಿಮ್ಮ ಮನೆಯ ಊರು ಯಾವುದು, ಮಾತು ಯಾವುದು ಎಂದು ಈ ನಗರದಲ್ಲಿ ಯಾರಾದರೂ ಕೇಳಿದಾಗ ನನ್ನ ಅಜ್ಜನನ್ನು ಒಮ್ಮೆ ನೆನೆಯುವಿರಾ?