ಮರಿ ನೋಡಬ್ಯಾಡ, ಅವ್ವನ್ನ ನೋಡು

ಸೋದರಿಯರೇ, ಹಪ್ಪಳ-ಸಂಡಿಗೆ, ಬಾಣಂತಿ ಪಥ್ಯ, ಮಕ್ಕಳ ಕೆಮ್ಮು-ನೆಗಡಿಗಳ ನಡುವೆ ನಾಯಿಯ ಮಾತು ಯಾಕೆ ಬಂತು ಅಂತ ಮೂಗು ಮುರಿಯಬೇಡಿ. ನಮ್ಮ ಮುಧೋಳ ಸೀಮೆಯಲ್ಲಿ ನಾಯಿಯೂ ಒಂದು ಬದುಕು. ಕೆಲವರು ಎಮ್ಮೆ ಕಟ್ಟುತ್ತಾರೆ, ಕೆಲವರು ಕುರಿ ಸಾಕುತ್ತಾರೆ, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಾಯಿ. ಗಂಡಸರು ಹೊಲಕ್ಕೆ ಹೋದ ಮೇಲೆ ಅದರ ಬೆದೆ, ಗಬ್ಬ, ಬಾಣಂತನ, ಮರಿಗಳ ಹೊಟ್ಟೆ ಎಲ್ಲವನ್ನೂ ನೋಡುವವರು ಹೆಂಗಸರೇ. ಅಂದಮೇಲೆ ಇದೂ ನಮ್ಮ ಮಾತೇ ಅಲ್ಲವೇ?

ಮುಧೋಳ ನಾಯಿಯನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಬೇಟೆಯ ಜಾತಿ. ಮುಧೋಳದ ಘೋರ್ಪಡೆ ಅರಸರು ಇದನ್ನು ಕಾಪಾಡಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಇಲ್ಲಿಯ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ನಾನು ಗದಗಿನ ಕಡೆಯವಳು. ಹತ್ತನೆಯ ಇಯತ್ತೆ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದೆ. ನನ್ನ ಅತ್ತೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ನಾಯಿಯ ವಿಷಯದಲ್ಲಿ ಅವರ ಬಾಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಮಾತು ಇತ್ತು. ಅವೆಲ್ಲ ಅವರ ಅತ್ತೆಯಿಂದ, ಸುತ್ತಲಿನ ಹಳೆಯ ಸಾಕಣೆದಾರರಿಂದ ಬಂದವು. ಕೆಲವನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು, "ಮರಿ ನೋಡಬ್ಯಾಡ, ಅವ್ವನ್ನ ನೋಡು." ಮರಿ ಕೊಳ್ಳಲು ಬಂದವರೆಲ್ಲ ಚೆಂದದ ಬಣ್ಣದ್ದನ್ನು ಎತ್ತಿಕೊಂಡು ಮುದ್ದಾಡುತ್ತಾರೆ. ಮರಿ ಯಾವುದಾದರೇನು, ಎಲ್ಲವೂ ಮುದ್ದೇ! ತಾಯಿ ಹೇಗಿದೆ, ಹೊಸಬರನ್ನು ಕಂಡರೆ ಅಂಜಿ ಮೂಲೆ ಸೇರುತ್ತದೆಯೋ, ಸುಮ್ಮಸುಮ್ಮನೆ ಮೈಮೇಲೆ ಬರುತ್ತದೆಯೋ ಅದನ್ನು ನೋಡಬೇಕು. ಅಂಜುಬುರುಕ ತಾಯಿಯ ಮರಿಗಳಲ್ಲೂ ಅಂಜಿಕೆ ಬರುವುದುಂಟು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಎರಡನೆಯದು, "ತಣ್ಣನ ಮರಿಗೆ ಹಾಲು ಹಾಕಬ್ಯಾಡ, ಮೊದಲ ಬೆಚ್ಚಗ ಮಾಡು." ಹುಟ್ಟಿದ ಮರಿಗೆ ಎರಡು-ಮೂರು ವಾರದ ತನಕ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಮೈ ತಣ್ಣಗಾದಾಗ ಹೊಟ್ಟೆಯೂ ಕೆಲಸ ನಿಲ್ಲಿಸುತ್ತದೆ. ಆಗ ಕನಿಕರಪಟ್ಟು ಹಾಲು ಹಾಕಿದರೆ ಜೀರ್ಣವಾಗದೆ ಮರಿ ಸಾಯುತ್ತದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಹಳೆಯ ಸೀರೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ನಿಧಾನವಾಗಿ ಬೆಚ್ಚಗಾದ ಮೇಲೆಯೇ ತಾಯಿಯ ಮೊಲೆಗೆ ಹಿಡಿಯಿರಿ. ಮೊದಲ ದಿನದ ಗಿಣ್ಣುಹಾಲು ಪ್ರತಿ ಮರಿಗೂ ಸಿಗಲೇಬೇಕು. ರೋಗ ತಡೆಯುವ ಬಲ ಅದರಲ್ಲಿದೆ.

ಅತ್ತೆಯವರು ಮರಿಗಳನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ನಾನು ಅದಕ್ಕೆಂದೇ ಒಂದು ಸಣ್ಣ ತಕ್ಕಡಿ ತಂದಿದ್ದೇನೆ. ದಿನಾ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಹತ್ತು ದಿನದ ಸುಮಾರಿಗೆ ಮರಿ ಹುಟ್ಟಿದಾಗಿನ ಎರಡರಷ್ಟು ತೂಗಬೇಕು. ತೂಕ ಏರದ ಮರಿಯನ್ನು ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಿಡಿಯಬೇಕು.

ಮೂರನೆಯ ಮಾತು ನನಗೆ ಬಹಳ ಇಷ್ಟ. "ಅರ್ಧ ಜಾತಿ ರಕ್ತದಾಗ, ಅರ್ಧ ಜಾತಿ ಗಂಗಾಳದಾಗ." ಎಂಥ ಒಳ್ಳೆಯ ತಳಿಯಾದರೂ ತಿನ್ನಲು ಕೊಡದಿದ್ದರೆ ಎಲುಬಿನ ಗೂಡೇ. ನಮ್ಮಲ್ಲಿ ಜೋಳದ ನುಚ್ಚು, ಬೇಯಿಸಿದ ಬೇಳೆ, ಹಾಲು, ಮೊಟ್ಟೆ, ಕೈಲಾದಾಗ ಮಾಂಸ. ಉಳಿದ ಸಾರನ್ನೆಲ್ಲ ನಾಯಿಗೆ ಸುರಿಯುವ ರೂಢಿ ಮಾತ್ರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ ಇದ್ದಂತೆ.

ಹಾಗಂತ ಹಿರಿಯರು ಅಂದದ್ದೆಲ್ಲ ವೇದವಲ್ಲ ನೋಡಿ. ಒಮ್ಮೆ ಬೀದಿನಾಯಿ ಕೂಡಿದರೆ ಆ ಹೆಣ್ಣಿನ ಮುಂದಿನ ಸೂಲುಗಳೂ ಕೆಡುತ್ತವೆ ಅಂತ ಹೇಳುವವರು ಈಗಲೂ ಇದ್ದಾರೆ. ಅದು ಸುಳ್ಳು. ಒಂದು ಸೂಲಿನ ತಂದೆ ಮುಂದಿನ ಸೂಲಿಗೆ ಬರುವುದಿಲ್ಲ. ನಮ್ಮ ದೇಸಿ ನಾಯಿಗೆ ಲಸಿಕೆ ಬೇಡ ಅನ್ನುವುದು ಇನ್ನೂ ದೊಡ್ಡ ಸುಳ್ಳು. ರಕ್ತಭೇದಿಯ ಪಾರ್ವೋ ರೋಗ ಜಾತಿ ಕೇಳಿ ಬರುವುದಿಲ್ಲ. ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲೇಬೇಕು. ಬಾಣಂತಿ ನಾಯಿ ಗಡಗಡ ನಡುಗಿ ಕಾಲು ಸೆಟೆದರೆ ದೃಷ್ಟಿ ತೆಗೆಯುತ್ತ ಕೂಡಬೇಡಿ. ಹಾಲಿಗೆ ಹರಿದು ಮೈಯಲ್ಲಿ ಸುಣ್ಣದ ಅಂಶ ಕಡಿಮೆಯಾಗಿರುತ್ತದೆ. ಮರಿಗಳನ್ನು ಬಿಡಿಸಿ, ತಡಮಾಡದೆ ಪಶುವೈದ್ಯರ ಹತ್ತಿರ ಓಡಬೇಕು. ಅತ್ತೆಯವರೂ ಇದನ್ನು ವೈದ್ಯರಿಂದ ಕೇಳಿದ ಮೇಲೆ ತಾವೇ ಬದಲಾದರು. "ತಿಳಿದವರ ಮಾತು ಕೇಳಿದರ ನಮ್ಮ ಹಿರೇತನ ಏನ್ ಕಡಿಮಿ ಆಗೂದಿಲ್ಲ" ಅಂದರು.

ಈಗ ಅವರ ನಾಲ್ಕನೆಯ ಮಾತಿಗೆ ಬರುತ್ತೇನೆ. "ಹಲ್ಲು ಬರೂತನಕ ಅವ್ವನ ಹಾಲು, ಬುದ್ಧಿ ಬರೂತನಕ ಅವ್ವನ ಮಗ್ಗಲು." ಈ ಮಾತಿನ ಬೆಲೆ ನಮಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ.

ನಮ್ಮ ಚಂದ್ರಿ ಏಳು ಮರಿ ಹಾಕಿತ್ತು. ಅವುಗಳಿಗೆ 28 ದಿನವಾದಾಗ ದೊಡ್ಡ ಊರಿನ ವ್ಯಾಪಾರಿಯೊಬ್ಬ ಕಾರಿನಲ್ಲಿ ಬಂದ. ಮರಿಗೆ ಒಂಬತ್ತು ಸಾವಿರದಂತೆ ಏಳೂ ಮರಿಗೆ 63 ಸಾವಿರ, ಕೈಯಲ್ಲೇ ರೊಕ್ಕ. ಅಷ್ಟೇ ಅಲ್ಲ, ಮುಂದಿನ ಬೆದೆಗೇ ಮತ್ತೆ ಕೂಡಿಸುವುದಾದರೆ ಆ ಸೂಲಿಗೂ ಮುಂಗಡ ಕೊಡುತ್ತೇನೆ ಅಂದ. ಅದೇ ವಾರ ಮಗಳ ನರ್ಸಿಂಗ್ ಕಾಲೇಜಿಗೆ 40 ಸಾವಿರ ಫೀ ಕಟ್ಟಬೇಕಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು, ಮನೆಯಲ್ಲಿ ನಾಲ್ಕು ಸಾವಿರವೂ ಇರಲಿಲ್ಲ. ನಮ್ಮವರು ನನ್ನ ಮುಖ ನೋಡಿದರು.

ಅತ್ತೆಯವರು ಆಗ ಹಾಸಿಗೆ ಹಿಡಿದಿದ್ದರು. ಒಳಗಿನಿಂದಲೇ ಕೂಗಿ ಕರೆದರು. "ಯವ್ವಾ, ಫೀ ಕಟ್ಟೂದು ಖರೆ. ಅದಕ್ಕ ನಾ ಅಡ್ಡ ಬರಾಂಗಿಲ್ಲ. ಆದರ ಹಾಲು ಬಿಡದ ಕೂಸು ಮಾರಿ ನಮ್ಮ ಕೂಸಿನ ಫೀ ಕಟ್ಟಬೇಕೇನು? ನೀನೂ ಹಡದಾಕಿ, ನೀನ ಹೇಳು" ಅಂದರು. ಬೈಯಲಿಲ್ಲ, ಬೇಡ ಅನ್ನಲೂ ಇಲ್ಲ. ಅಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು.

ಆ ವಯಸ್ಸಿನಲ್ಲಿ ಮರಿ ಕಲಿಯುವುದು ತಾಯಿಯಿಂದ, ಒಡಹುಟ್ಟಿದವುಗಳಿಂದ. ಎಷ್ಟು ಕಚ್ಚಿದರೆ ನೋವಾಗುತ್ತದೆ, ತಾಯಿ ಗುರ್ ಅಂದಾಗ ಹೇಗೆ ಹಿಂದೆ ಸರಿಯಬೇಕು ಎಲ್ಲ ಅಲ್ಲೇ ಕಲಿಯಬೇಕು. ಬೇಗ ಬಿಡಿಸಿದ ಮರಿ ಮುಂದೆ ಕಚ್ಚುವ ನಾಯಿ, ಅಂಜುವ ನಾಯಿ ಆಗುವ ಸಂಭವ ಹೆಚ್ಚು. 2017ರ ಕೇಂದ್ರ ಸರ್ಕಾರದ ನಿಯಮವೂ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಒಂದು ಹೆಣ್ಣಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ತೆಗೆಯಕೂಡದು ಅನ್ನುತ್ತದೆ. ಅತ್ತೆಯವರಿಗೆ ಯಾವ ನಿಯಮವೂ ಗೊತ್ತಿರಲಿಲ್ಲ, ಚಂದ್ರಿಯ ಮೈ ಗೊತ್ತಿತ್ತು.

ನಾನು ಹೊರಗೆ ಬಂದು, "ಅಣ್ಣಾರ, ಇನ್ನೊಂದು ತಿಂಗಳ ಬಿಟ್ಟು ಬರ್ರಿ" ಅಂದೆ. ಆತ ನಕ್ಕು ಕಾರು ಹತ್ತಿದ. ಮತ್ತೆ ಬರಲಿಲ್ಲ. ನಮ್ಮ ಮಹಿಳಾ ಸಂಘದಲ್ಲಿ 40 ಸಾವಿರ ಸಾಲ ಎತ್ತಿ ಫೀ ಕಟ್ಟಿದೆವು. ಒಂಬತ್ತನೆಯ ವಾರದಲ್ಲಿ, ಲಸಿಕೆ ಹಾಕಿಸಿದ ಮೇಲೆ, ನಾಲ್ಕು ಮರಿ ಹನ್ನೊಂದು ಸಾವಿರದಂತೆ ಹೋದವು. ಎರಡನ್ನು ಕುರಿಗಾರರಿಗೆ ಐದು ಸಾವಿರದಂತೆ ಕೊಟ್ಟೆವು. ಒಂದು ನಮ್ಮಲ್ಲೇ ಉಳಿಯಿತು. ಲೆಕ್ಕ ಹಾಕಿದರೆ 54 ಸಾವಿರ. ಮೇಲೆ ಐದು ವಾರದ ಹಾಲು-ನುಚ್ಚಿನ ಖರ್ಚು, ಸಾಲದ ಬಡ್ಡಿ. ಲಾಭವಾಯಿತು ಅಂತ ನಾನು ನಿಮಗೆ ಸುಳ್ಳು ಹೇಳಲಾರೆ. ಆದರೆ ಆ ವರ್ಷ ನಾವ್ಯಾರೂ ತಲೆ ತಗ್ಗಿಸಿ ಅತ್ತೆಯವರ ಕೋಣೆಗೆ ಹೋಗುವ ಪ್ರಸಂಗ ಬರಲಿಲ್ಲ. ಮುಂದಿನ ಬೆದೆಗೆ ಚಂದ್ರಿಯನ್ನು ಕೂಡಿಸಲಿಲ್ಲ. ಅದು ಮೈತುಂಬಿ ಮತ್ತೆ ಮೊದಲಿನಂತಾಯಿತು. ಆ ಚಳಿಗಾಲದಲ್ಲಿ ಅತ್ತೆಯವರು ತೀರಿಕೊಂಡರು.

ನೀವು ಮರಿ ಕೊಳ್ಳುವವರಾದರೆ ಇಷ್ಟು ಕೇಳಿ. ತಾಯಿಯನ್ನು ತೋರಿಸಿ ಅನ್ನಿ. ಎಷ್ಟು ವಾರವಾಯಿತು, ಯಾವ ಲಸಿಕೆ ಆಗಿದೆ, ಜಂತಿನ ಔಷಧಿ ಕೊಟ್ಟಿದ್ದಾರೆಯೇ ಕೇಳಿ. ತಾಯಿಯನ್ನು ತೋರಿಸಲು ಒಲ್ಲೆ ಅನ್ನುವವರಲ್ಲಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಸಾಕುವವರಾದರೆ ಅಣ್ಣ-ತಂಗಿಯರನ್ನು ಕೂಡಿಸಬೇಡಿ. ಹಾಗೆ ಮಾಡುತ್ತ ಹೋದರೆ ಮರಿಗಳ ಸಂಖ್ಯೆಯೂ ಕಸುವೂ ಕುಗ್ಗುತ್ತವೆ.

ಅತ್ತೆಯವರ ಕೊನೆಯ ಮಾತೊಂದಿದೆ. "ಕೊಟ್ಟ ಮ್ಯಾಲೂ ಮರಿ ನಮ್ಮದ." ಕೊಂಡವರಿಗೆ ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ನಮಗೇ ತಂದು ಒಪ್ಪಿಸಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದರು. ನಾನೂ ಹಾಗೇ ಹೇಳುತ್ತೇನೆ. ಹೋದ ತಿಂಗಳು ಒಂದು ನಾಯಿ ಹಾಗೆ ಮರಳಿ ಬಂತು. ಬಡಕಲಾಗಿದೆ, ಜ್ವಾಳದ ನುಚ್ಚು ಹಾಕುತ್ತಿದ್ದೇನೆ.