ನಮ್ಮ ಮನೆಯ ಆಟದ ಡ್ರಮ್ಮು

ಮುರಿದ ಸಾಮಾನನ್ನು ಬಿಸಾಡುವದು ಸುಲಭ. ಬಿಚ್ಚಿ ನೋಡುವದಕ್ಕೆ ತಾಳ್ಮೆ ಬೇಕು. ಮೊದಲು ಕಾಗದವನ್ನು ಕತ್ತರಿಸಿ ಅಳತೆ ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಬೇಕೆಂಬದು ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ನಾವು ಕಲಿತ ಪಾಠಗಳಲ್ಲೊಂದು. ಆ ಪಾಠವು ಇಷ್ಟು ವರುಷಗಳ ಮೇಲೆ ಒಂದು ವಿಡಿಯೋ ಆಟದ ವಾದ್ಯಕ್ಕೆ ಉಪಯೋಗಕ್ಕೆ ಬಂದ ಸಂಗತಿಯನ್ನು ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ, ಈಗಿನ ಮಕ್ಕಳ ತಂದೆತಾಯಿಗಳಿಗೂ ತಿಳಿಸಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ತಾಳಕ್ಕೆ ಸರಿಯಾಗಿ ಬಾರಿಸುವ ವಿಡಿಯೋ ಆಟಗಳು ಹೊಸವೇನೂ ಅಲ್ಲ. ಜಪಾನಿನ ಕೊನಾಮಿ ಕಂಪನಿಯವರ ‘ಡ್ರಮ್‌ಮೇನಿಯಾ’ 1999ರಲ್ಲಿಯೂ, ನಾಮ್ಕೊ ಕಂಪನಿಯವರ ‘ತೈಕೊ ನೊ ತತ್ಸುಜಿನ್’ 2001ರಲ್ಲಿಯೂ ಆ ದೇಶದ ಆಟದಂಗಡಿಗಳಿಗೆ ಬಂದವು. 2007-08ರ ಸುಮಾರಿಗೆ ಅಮೇರಿಕದಲ್ಲಿ ಇಂಥ ಆಟಗಳು ಅನೇಕ ಮನೆಗಳನ್ನು ಹೊಕ್ಕವು. ಟೆಲಿವಿಷನ್ನಿನ ಪರದೆಯ ಮೇಲೆ ಬಣ್ಣ ಬಣ್ಣದ ಗುರುತುಗಳು ಹಾಡಿನ ಸಂಗಡ ಇಳಿದು ಬರುತ್ತವೆ. ಗುರುತು ಗೆರೆಯನ್ನು ಮುಟ್ಟುವ ಕ್ಷಣದಲ್ಲಿಯೇ ಅದೇ ಬಣ್ಣದ ತಟ್ಟೆಯನ್ನು ಕೋಲಿನಿಂದ ಹೊಡೆಯಬೇಕು. ಕಾಲಿಗೆ ಬೇರೆ ಒಂದು ಪೆಡಲು ಉಂಟು.

ಇಂಥದೊಂದನ್ನು ನಮ್ಮ ಅಳಿಯಂದಿರು ಅಮೇರಿಕದಿಂದ ಹಿಂದಿರುಗುವಾಗ ತಂದಿದ್ದರು. ತಂದೆಯೂ ಮಗಳೂ ಸರದಿಯಂತೆ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ಮಗಳೂ ಹನ್ನೆರಡು ವರುಷದ ಮೊಮ್ಮಗಳೂ ಬೆಂಗಳೂರಿನಲ್ಲಿ ನಾವಿರುವ ಮಹಡಿಯ ಬಾಡಿಗೆ ಮನೆಗೆ ಬಂದರು. ಅವರ ಸಾಮಾನಿನೊಂದಿಗೆ ಡ್ರಮ್ಮೂ ಬಂದಿತು. ಮಗುವು ಹೆಚ್ಚು ಮಾತಾಡುತ್ತಿರಲಿಲ್ಲ. ಸಂಜೆ ಒಂದು ತಾಸು ಡ್ರಮ್ಮಿನ ಮುಂದೆ ಕುಳಿತಾಗ ಮಾತ್ರ ಅವಳ ಮುಖವು ಅರಳುತ್ತಿದ್ದಿತು.

ಕೆಳಗಿನ ಮನೆಯ ಹಿರಿಯರು ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರು. ಒಂದು ದಿನ ಅವರ ಪತ್ನಿಯು ಮೇಲೆ ಬಂದು, “ಅಮ್ಮಾ, ನಿಮ್ಮ ಹಾಡು ನಮಗೆ ಕೇಳಿಸುವದಿಲ್ಲ, ಗುದ್ದು ಮಾತ್ರ ತಲೆಯ ಮೇಲೆ ಬೀಳುತ್ತದೆ. ಇವರಿಗೆ ನಿದ್ದೆಯೇ ಇಲ್ಲ” ಎಂದು ಬಹು ಮರ್ಯಾದೆಯಿಂದ ಹೇಳಿದರು. ಮನೆಯ ಯಜಮಾನರು ಅಷ್ಟು ಮರ್ಯಾದೆ ತೋರಿಸಲಿಲ್ಲ. ತಿಂಗಳ ಕೊನೆಯೊಳಗೆ ಡ್ರಮ್ಮು ಹೋಗಬೇಕು, ಇಲ್ಲವಾದರೆ ನಾವು ಹೋಗಬೇಕು ಎಂದರು. ಹೆಣ್ಣು ಮಗುವಿಗೆ ಈ ಬಡಿತವೇಕೆ ಎಂದೂ ಸೇರಿಸಿದರು. ಅದೇ ವಾರದಲ್ಲಿ ಪೆಡಲಿನ ಪ್ಲಾಸ್ಟಿಕ್ ಹಲಗೆಯು ನಡುವೆ ಸೀಳಿತು. “ಅಜ್ಜೀ, ಯಾರಿಗಾದರೂ ಕೊಟ್ಟುಬಿಡೋಣ” ಎಂದು ಮಗುವು ಮೆಲ್ಲಗೆ ಹೇಳಿತು. ಯಜಮಾನರ ಮಾತಿಗಿಂತ ಈ ಮಾತು ನಮ್ಮನ್ನು ಹೆಚ್ಚು ನೋಯಿಸಿತು. ಬೇರೊಂದನ್ನು ಕೊಂಡು ತಂದರೂ ಅದು ಅವಳ ತಂದೆಯ ಡ್ರಮ್ಮಾಗದಷ್ಟೆ.

ಆದಕಾರಣ ಅಜ್ಜಿಯೂ ಮೊಮ್ಮಗಳೂ ಕೂಡಿ ಅದನ್ನು ಬಿಚ್ಚಿ ನೋಡಿದೆವು. ತಟ್ಟೆ ತಟ್ಟೆಯ ತಿರುಪುಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟೆವು. ಪ್ರತಿ ತಟ್ಟೆಯ ಅಡಿಯಲ್ಲಿಯೂ ನಾಣ್ಯದಂಥ ಒಂದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಬಿಳಿಯ ಪಿಂಗಾಣಿಯಂಥ ಲೇಪ. ಇದಕ್ಕೆ ಪೀಜೋ ಎನ್ನುತ್ತಾರೆ. ಪೆಟ್ಟಿಗೆ ಬಿಲ್ಲೆಯು ಕಾಣದಷ್ಟು ಬಾಗುವದು. ಬಾಗಿದೊಡನೆ ಸ್ವಲ್ಪ ವಿದ್ಯುತ್ತು ಹುಟ್ಟುವದು. ಅದು ಒಂದು ಮಿತಿಯನ್ನು ದಾಟಿದರೆ ಮಾತ್ರ ಯಂತ್ರವು ಪೆಟ್ಟೆಂದು ಎಣಿಸುವದು. ಕೆಲವು ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕಂಡುಹಿಡಿದರು. ಮುಂದೆ ಮೇರಿ ಕ್ಯೂರಿಯವರು ವಿಕಿರಣವನ್ನು ಅಳೆದದ್ದೂ ಇದೇ ಗುಣವುಳ್ಳ ಹರಳಿನ ಉಪಕರಣದ ಸಹಾಯದಿಂದಲೇ. ಇದನ್ನು ಹೇಳಿದಾಗ ಮಗುವು ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿತು.

ತಟ್ಟೆಗಳ ಮೇಲೆ ಏನನ್ನು ಹೊದಿಸಬೇಕೆಂಬದು ಮೊದಲನೆಯ ಪ್ರಶ್ನೆ. ಹತ್ತಿಯ ಮೆತ್ತೆಯು ಸದ್ದನ್ನು ನುಂಗುವದು ನಿಜ. ಆದರೆ ಪೆಟ್ಟನ್ನೂ ನುಂಗುವದರಿಂದ ಬಿಲ್ಲೆಗೆ ಏನೂ ತಿಳಿಯದು. ಕಂಪ್ಯೂಟರಿನ ಹಳೆಯ ಮೌಸ್ ಪ್ಯಾಡು ಹಾಗಲ್ಲ. ಕೆಳಗೆ ರಬ್ಬರು, ಮೇಲೆ ಬಟ್ಟೆ. ಟಕ್ಕೆಂಬ ಸದ್ದು ಅಡಗಿದರೂ ಕೋಲು ಪುಟಿಯುವದು, ಪೆಟ್ಟೂ ಒಳಗೆ ಮುಟ್ಟುವದು. ಕಾಗದದ ಮೇಲೆ ದುಂಡಗೆ ಅಳತೆ ತೆಗೆದು ಪ್ಯಾಡುಗಳನ್ನು ಕತ್ತರಿಸಿ, ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ನಿನಿಂದ ಅಂಟಿಸಿದೆವು. ಒಂದು ತಟ್ಟೆಯ ಅದುರು ಪಕ್ಕದ ತಟ್ಟೆಗೆ ಹರಿದರೆ ಹೊಡೆಯದ ಬಣ್ಣವೂ ಎಣಿಕೆಗೆ ಬರುವದು. ಅದಕ್ಕಾಗಿ ತಿರುಪುಗಳ ಕೆಳಗೆ ಸೈಕಲ್ ಟ್ಯೂಬಿನ ಚೂರುಗಳನ್ನು ಇಟ್ಟೆವು.

ಅಡಿಗೆಮನೆಯ ಕೆಲಸದಂತೆ ವಾದ್ಯಕ್ಕೆ ಹೀಗೆ ತೇಪೆ ಹಾಕುವದು ಸರಿಯೋ ಎಂದು ಮಗಳು ನಕ್ಕಳು. ಮೃದಂಗದ ಎಡಮುಖಕ್ಕೆ ನಾದವು ತಗ್ಗಲೆಂದು ವಿದ್ವಾಂಸರು ಹಚ್ಚುವದು ನೀರಿನಲ್ಲಿ ಕಲಸಿದ ರವೆಯನ್ನಲ್ಲವೆ? ಬಾರಿಸಿಯಾದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ. ಇನ್ನು ಹೆಣ್ಣಿಗೆ ಬಡಿತವೇಕೆಂಬ ಪ್ರಶ್ನೆಗೆ, ಇದೇ ಬೆಂಗಳೂರಿನಲ್ಲಿ ನೆಲಸಿ ಘಟವಾದನದಲ್ಲಿ ಕೀರ್ತಿ ಪಡೆದ ಸುಕನ್ಯಾ ರಾಮಗೋಪಾಲ್ ಅವರೇ ಸಾಕಾದಷ್ಟು ಉತ್ತರ.

ಆದರೆ ಕೆಳಮನೆಯವರನ್ನು ಪೀಡಿಸಿದ್ದು ಕೋಲಿನ ಸದ್ದಿಗಿಂತ ಹೆಚ್ಚಾಗಿ ಪೆಡಲಿನ ಗುದ್ದು. ಗಾಳಿಯಲ್ಲಿ ಬರುವ ಸದ್ದನ್ನು ಬಾಗಿಲು ಕಿಟಕಿಗಳು ಕೊಂಚ ತಡೆಯುವವು. ನೆಲಕ್ಕೆ ತಾಕಿದ ಗುದ್ದು ಗಾರೆಯ ಮೂಲಕ ನೇರವಾಗಿ ಕೆಳಗಿಳಿಯುವದು. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಬಿಟ್ಟ ಒಂಬತ್ತು ಟೆನಿಸ್ ಚೆಂಡುಗಳನ್ನು ಮಗುವು ಕೂಡಿಸಿ ತಂದಿತು. ಹಳೆಯ ಬಾಗಿಲಿನ ಹಲಗೆಗೆ ಬಡಗಿಯಿಂದ ಕೆಳಮೈಯಲ್ಲಿ ಕುಳಿಗಳನ್ನು ಮಾಡಿಸಿ, ಚೆಂಡುಗಳನ್ನು ಅವುಗಳಲ್ಲಿ ಕೂರಿಸಿ, ಹಲಗೆಯ ಮೇಲೆ ಡ್ರಮ್ಮನ್ನೂ ಪೆಡಲನ್ನೂ ಇಟ್ಟೆವು. ಈಗ ಗುದ್ದು ಚೆಂಡುಗಳಲ್ಲಿಯೇ ಬಹುಮಟ್ಟಿಗೆ ಕರಗುವದು.

ಪೆಡಲಿನೊಳಗೆ ಒಂದು ಅಯಸ್ಕಾಂತವೂ, ಗಾಜಿನ ಪುಟ್ಟ ಕೊಳವೆಯಲ್ಲಿ ಎರಡು ಲೋಹದ ಎಳೆಗಳೂ ಇವೆ. ತುಳಿದಾಗ ಅಯಸ್ಕಾಂತವು ಹತ್ತಿರ ಬರುವದು, ಎಳೆಗಳು ಒಂದನ್ನೊಂದು ಮುಟ್ಟುವವು. ಕಬ್ಬಿಣವು ಈ ಸೂಕ್ಷ್ಮವನ್ನು ಕೆಡಿಸೀತೆಂದು ಸೀಳಿದ ಜಾಗಕ್ಕೆ ಕಿಟಕಿಯಿಂದ ಬಿಚ್ಚಿದ ಅಲ್ಯುಮಿನಿಯಮ್ ಪಟ್ಟಿಯನ್ನು ಬಿಗಿದೆವು. ಅದರ ಮೇಲೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಅಂಟಿಸಿದೆವು.

ತಿಂಗಳ ಕೊನೆಗೆ ನಾಲ್ಕು ದಿನವಿರುವಾಗ ನಾವು ಕೆಳಮನೆಗೆ ಹೋಗಿ ರೋಗಿಯ ಮಂಚದ ಬಳಿ ಕುಳಿತೆವು. ಮೇಲೆ ಮಗುವು ಬಾರಿಸಹತ್ತಿತು. ಸದ್ದು ಪೂರಾ ನಿಂತಿರಲಿಲ್ಲ. ದೂರದ ಮನೆಯಲ್ಲಿ ಯಾರೋ ಅವಲಕ್ಕಿ ಕುಟ್ಟುವಂತೆ ಕೇಳುತ್ತಿದ್ದಿತು. ಹಿರಿಯರು ಕಣ್ಣು ತೆರೆದು, “ಇಷ್ಟಾದರೆ ಇರಲಿ” ಎಂದರು. ಅವರು ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿಯೂ ರಾತ್ರಿ ಎಂಟರ ಮೇಲೆಯೂ ಬಾರಿಸತಕ್ಕದ್ದಲ್ಲವೆಂದು ಒಪ್ಪಂದವಾಯಿತು. ಅವರ ಪತ್ನಿಯೇ ಯಜಮಾನರೊಡನೆ ಮಾತಾಡಿದರು. ಆಮೇಲೆ ಯಾರೂ ಬರಲಿಲ್ಲ.

ಮಗುವು ಈಗ ಡ್ರಮ್ಮಿನ ಮುಂದೆ ಕೂಡ್ರುವ ಮುಂಚೆ ತಾನೇ ತಿರುಪುಗಳನ್ನು ಪರೀಕ್ಷಿಸುತ್ತದೆ. ತನ್ನ ತಂದೆಯ ಮಾತನ್ನು ತಾನಾಗಿ ಎತ್ತುತ್ತದೆ. ಯಾವ ಹಾಡಿನಲ್ಲಿ ಅವರು ತಾಳ ತಪ್ಪುತ್ತಿದ್ದರೆಂದು ಹೇಳಿ ನಗುತ್ತದೆ. ತಂದೆತಾಯಿಗಳೇ, ನಿಮ್ಮ ಹೆಣ್ಣುಮಕ್ಕಳ ಕೈಗೆ ಸೂಜಿಯೊಂದಿಗೆ ತಿರುಪುಳಿಯನ್ನೂ ಕೊಡಿರಿ. ಕೈಯಾರೆ ಸರಿಮಾಡಿದ ವಸ್ತುವನ್ನು ಮಗುವು ಸುಲಭವಾಗಿ ಬಿಟ್ಟುಕೊಡದು.